ಕಂಪನಿಗೆ ಸವೆದ ಫರಸಿ ಬೇಕಾಗಿತ್ತು

ಶಹಾಬಾದದಲ್ಲಿ ನಮ್ಮ ಮನೆಯ ಹಿಂದಿನ ಓಣಿ ದಾಟಿದರೆ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಒಂದು ಕಾರಖಾನೆ ಇತ್ತು. ಬೆಳಗಾದರೆ ಅದರ ಮಷೀನಿನ ಗರಗರ ಸದ್ದಿಗೇ ನಾವು ಏಳುತ್ತಿದ್ದೆವು. ಕಾರಖಾನೆಯ ಸಾಹುಕಾರರ ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತವರು. ಇಬ್ಬರೂ ಪಾಸಾದರು ಅನ್ನುವ ಒಂದೇ ಕಾರಣಕ್ಕೆ ಸಾಹುಕಾರರಿಗೆ ನನ್ನ ಇಂಗ್ಲಿಷಿನ ಮೇಲೆ ಅಪಾರ ನಂಬಿಕೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಸರೆ ರಜೆಯಲ್ಲಿ ಅವರು ಬೆಳಿಗ್ಗೆಯೇ ನಮ್ಮ ಮನೆಗೆ ಬಂದರು. ಚಹಾ ಬೇಡ ಎಂದರು, ಕೊಟ್ಟ ಮೇಲೆ ಕುಡಿದರು, ಆಮೇಲೆ ವಿಷಯಕ್ಕೆ ಬಂದರು.

"ಅಕ್ಕೋರ, ಹೈದರಾಬಾದಿನಿಂದ ಒಂದು ಕಂಪನಿಯವರು ಬರಾಕತ್ತಾರ. ಕಂಪ್ಯೂಟರ್ ಕಂಪನಿ. ದೊಡ್ಡ ಬಿಲ್ಡಿಂಗ್ ಕಟ್ಟಾಕತ್ತಾರಂತ, ನೆಲಕ್ಕ ನಮ್ಮ ಫರಸೀನೇ ಬೇಕಂತ. ಬರೋ ಮೇಡಂ ಮದ್ರಾಸ್ ಕಡೇವ್ರು, ಹಿಂದಿ ಬರಂಗಿಲ್ಲ. ನೀವು ಬಂದು ಒಂದ್ ತಾಸು ಕುಂತ್ರ ಸಾಕು."

"ನೀವೇ ನಾಕು ಭಾಷಾ ಮಾತಾಡ್ತೀರಿ. ನಾ ಯಾಕ ಬೇಕ್ರಿ?"

"ಆ ನಾಕರಾಗ ಇಂಗ್ಲಿಷ್ ಇಲ್ಲಲ್ರಿ."

ಇದು ನಿಜ. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕರಲ್ಲೂ ಅವರು ದರ ಚೌಕಾಸಿ ಮಾಡುವುದನ್ನು ನಾನು ಕೇಳಿದ್ದೆ. ನನಗೂ ರಜೆ. ನಮ್ಮ ಮನೆಯವರು ವಾಡಿ ಸ್ಟೇಷನ್ನಿನಲ್ಲಿ ಡ್ಯೂಟಿಗೆ ಹೋದರೆ ಸಂಜೆಯೇ ಬರುವುದು. ಸರಿ ಎಂದೆ.

ಮರುದಿನ ದೊಡ್ಡದೊಂದು ಕಾರು ಬಂತು. ಇಳಿದವರು ಮೂವರು: ಒಬ್ಬ ಕಟ್ಟಡದ ಇಂಜಿನಿಯರ್, ಒಬ್ಬ ಕ್ಯಾಮೆರಾದವನು, ನಡುವೆ ಆ ಮೇಡಂ. ವಯಸ್ಸು ಮೂವತ್ತರ ಆಚೀಚೆ. ಖಾದಿ ಕುರ್ತಾ, ಸೆಣಬಿನ ಚೀಲ, ಕೊರಳಲ್ಲಿ ಮಣ್ಣಿನ ಮಣಿಗಳ ಸರ. ನಮ್ಮ ಕಡೆ ಅಂಥ ಚೀಲದಲ್ಲಿ ತೊಗರಿ ತುಂಬುತ್ತಾರೆ. ಅವರು ಕಾರಖಾನೆಯಲ್ಲಿ ಇದ್ದಷ್ಟು ಹೊತ್ತೂ ಡ್ರೈವರ್ ಗಾಡಿ ಬಂದ್ ಮಾಡಲಿಲ್ಲ. ವಾಪಸು ಹತ್ತುವಾಗ ಒಳಗೆ ತಂಪು ಇರಬೇಕಲ್ಲ. ಆ ಇಂಜಿನ್ನಿನ ಗುರುಗುಟ್ಟುವ ಸದ್ದಿನ ಮುಂದೆ ನಿಂತುಕೊಂಡೇ ಮೇಡಂ ತಮ್ಮ ಪರಿಚಯ ಹೇಳಿಕೊಂಡರು. ಕಂಪನಿಯಲ್ಲಿ ಸುಸ್ಥಿರತೆಯ ವಿಭಾಗಕ್ಕೆ ಅವರೇ ಮುಖ್ಯಸ್ಥರಂತೆ.

ಆ ಶಬ್ದವನ್ನು ಸಾಹುಕಾರರಿಗೆ ಹೇಗೆ ದಾಟಿಸುವುದು ಎಂದು ಒಂದು ಗಳಿಗೆ ಯೋಚಿಸಿದೆ. "ಭಾಳ ದಿನ ಬಾಳಿಕಿ ಬರೂದು, ಅದರ ಆಫೀಸರ್ ಇವರು" ಎಂದೆ.

ಸಾಹುಕಾರರ ಮುಖ ಅರಳಿತು. "ಹಂಗಾರ ಛಲೋ ಆತು. ನಮ್ಮ ಫರಸಿ ಮೊಮ್ಮಕ್ಕಳ ಕಾಲಕ್ಕೂ ಬಾಳಿಕಿ ಬರ್ತಾವಂತ ಹೇಳ್ರಿ."

ಹೇಳಿದೆ. ಮೇಡಂ ತಲೆದೂಗಿದರು. ಆದರೆ ಪಾಲಿಶ್ ಮಾಡಿ ಜೋಡಿಸಿಟ್ಟಿದ್ದ ಫರಸಿಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಬೂದುನೀಲಿ, ನಸುಹಳದಿ, ಮುಖ ಕಾಣುವಷ್ಟು ನುಣುಪು. ಕೂಲಿಯವರು ಹಿಂದಿನ ದಿನವೇ ನೀರು ಹೊಡೆದು ಒರೆಸಿಟ್ಟಿದ್ದರು. ಮೇಡಂ ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಶಬ್ದ ಬಿಡಿಸಿ ಹೇಳತೊಡಗಿದರು. ಹೊಸ ಕಲ್ಲು ತೆಗೆಯುವುದು ಎಂದರೆ ಭೂಮಿಯನ್ನು ಗಾಯಗೊಳಿಸುವುದು. ಕಂಪನಿ ಅಂಥ ಹಿಂಸೆಯಲ್ಲಿ ಪಾಲುಗೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ. ಅವರ ಕಟ್ಟಡಕ್ಕೆ ಹಸಿರು ಕಟ್ಟಡ ಅನ್ನುವ ಪ್ರಮಾಣಪತ್ರ ಬರಬೇಕು. ಅದಕ್ಕೆ ಬೇಕಾಗಿರುವುದು ಈಗಾಗಲೇ ಬಳಸಿದ ಕಲ್ಲು. ಜನ ಓಡಾಡಿ ಸವೆಸಿದ್ದು, ಬದುಕು ನೋಡಿದ್ದು.

ನಾನು ಇಷ್ಟನ್ನೂ ಕನ್ನಡಕ್ಕೆ ತಂದೆ. ಸಾಹುಕಾರರು ಪಾಲಿಶ್ ಮಾಡಿಟ್ಟ ಸಾಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನನ್ನೇ ಕೇಳಿದರು:

"ಅಂದ್ರ ಹಳೇ ಫರಸಿ ಬೇಕೇನ್ರಿ ಇವರಿಗೆ?"

"ಹೌದ್ರಿ. ಮನ್ಯಾಗ ಹಾಕಿ ಕಿತ್ತಿದ್ದು."

"ಹೊಸಾದು ಇಟಗೊಂಡು ಕುಂತೀನಿ, ಹಳೇದು ಕೇಳಾಕ ಹೈದರಾಬಾದಿನಿಂದ ಬಂದಾರ?"

ಇದನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಬದಲಿಗೆ ನನಗೇ ಹೊಳೆದ ಒಂದು ಮಾತು ಹೇಳಿದೆ. ಶಹಾಬಾದದಿಂದ ವಾಡಿಯ ತನಕ ರೈಲಿನಲ್ಲಿ ಹೋದವರಿಗೆಲ್ಲ ಗೊತ್ತು, ಹಳಿಯ ಎರಡೂ ಬದಿಗೆ ಗುಡ್ಡದಂತೆ ಬಿದ್ದಿರುವುದು ಖಣಿಯಿಂದ ತೆಗೆದು ಬಿಸಾಕಿದ ಒಡಕು ಕಲ್ಲು. ಹೊಲಗಳೆಲ್ಲ ಅದರ ಕೆಳಗೆ ಹೂತುಹೋಗಿವೆ. ಭೂಮಿಯ ಬಗ್ಗೆ ಅಷ್ಟು ಕಾಳಜಿ ಇದ್ದರೆ ಅದನ್ನೇ ಒಯ್ಯಬಹುದಲ್ಲ, ತುಂಡುಗಳನ್ನು ಕೂಡಿಸಿ ನೆಲ ಮಾಡುವವರು ನಮ್ಮಲ್ಲೇ ಇದ್ದಾರೆ ಎಂದೆ. ಇಂಜಿನಿಯರ್ ಅದಕ್ಕೆ ಒಪ್ಪುವಂತೆ ಕಂಡ. ಮೇಡಂ ಮಾತ್ರ ಮುಗುಳ್ನಕ್ಕರು. ಆ ನಗುವನ್ನು ನಾನು ಬಲ್ಲೆ. ತಪ್ಪು ಉತ್ತರ ಹೇಳಿದ ಎಂಟನೆಯ ಇಯತ್ತೆಯ ಹುಡುಗಿಗೆ ನಾನೇ ಎಷ್ಟೋ ಸಲ ಆ ನಗು ಕೊಟ್ಟಿದ್ದೆ.

"ಅದು ಬರೀ ತ್ಯಾಜ್ಯ. ಅದಕ್ಕೊಂದು ಕಥೆ ಇಲ್ಲ" ಎಂದರು.

ಕಥೆ ಇರುವ ಕಲ್ಲಿಗೆ ಹೊಸ ಕಲ್ಲಿಗಿಂತ ಹೆಚ್ಚಿನ ದರ ಕೊಡುತ್ತೇವೆ ಎಂದೂ ಹೇಳಿದರು. ಇದನ್ನು ಮಾತ್ರ ಅನುವಾದಿಸುವ ಅಗತ್ಯ ಬೀಳಲಿಲ್ಲ. ಸಾಹುಕಾರರಿಗೆ ತಾನಾಗಿ ತಿಳಿಯಿತು.

ಮೊದಮೊದಲು ಅಂಥ ಕಲ್ಲು ಸಿಗುವುದು ಕಷ್ಟವಿರಲಿಲ್ಲ. ಬಿದ್ದ ಮನೆಗಳಿದ್ದವು, ಬಾಗಿಲು ಮುಚ್ಚಿದ ಗೋದಾಮುಗಳಿದ್ದವು, ಯಾರೂ ಇರದ ವಾಡೆಗಳಿದ್ದವು. ಸಾಹುಕಾರರ ಟ್ರ್ಯಾಕ್ಟರ್ ದಂಡೋತಿಗೆ ಹೋಯಿತು, ಸೇಡಂಗೆ ಹೋಯಿತು, ಚಿಂಚೋಳಿಯ ತನಕವೂ ಹೋಗಿ ಬಂತು. ಆದರೆ ಕಂಪನಿಯ ಕಟ್ಟಡ ಸಣ್ಣದಾಗಿರಲಿಲ್ಲ. ಬಿದ್ದ ಮನೆಗಳು ಮುಗಿದ ಮೇಲೆ ನಿಂತ ಮನೆಗಳ ಪಾಳಿ ಬಂತು.

ದಲಾಲರು ಹಳ್ಳಿಹಳ್ಳಿಗೆ ಹೋಗಿ ಬಾಗಿಲು ಬಡಿಯತೊಡಗಿದರು. ನಿಮ್ಮ ಹಳೇ ಫರಸಿ ಕೊಡಿ, ನಿಮಗೆ ಫಳಫಳ ಹೊಳೆಯುವ ಟೈಲ್ಸ್ ಹಾಕಿಸಿಕೊಡುತ್ತೇವೆ. ಯಾರು ಬೇಡ ಅಂದಾರು? ಸಿಮೆಂಟ್ ಕಾರಖಾನೆಯ ಆದಿತ್ಯನಗರ ಕ್ವಾರ್ಟರ್ಸಿನಲ್ಲಿ ನೆಂಟರಿದ್ದವರು ಅಲ್ಲಿ ಟೈಲ್ಸ್ ನೋಡಿ ಬಂದು ಆಸೆಪಟ್ಟಿದ್ದ ಕಾಲ ಅದು. ಗುಜರಾತಿನಿಂದ ಟೈಲ್ಸ್ ತುಂಬಿಕೊಂಡು ಲಾರಿಗಳು ಬಂದವು. ಅವೇ ಲಾರಿಗಳು ನಮ್ಮ ಮನೆಗಳ ನೆಲ ತುಂಬಿಕೊಂಡು ಹೈದರಾಬಾದಿಗೆ ಹೋದವು. ಗುಜರಾತಿನ ಯಾವ ಭಟ್ಟಿಯಲ್ಲಿ ಎಷ್ಟು ಬೆಂಕಿ ಉರಿಸಿ ಆ ಟೈಲ್ಸ್ ಸುಟ್ಟರೋ, ಅಷ್ಟು ದೂರದಿಂದ ತರಲು ಎಷ್ಟು ಡೀಸೆಲ್ ಹೋಯಿತೋ, ಆ ಹೊಗೆಯೆಲ್ಲ ಭೂಮಿಗೆ ಗಾಯ ಮಾಡುವುದಿಲ್ಲ ಎಂದು ಕಾಣುತ್ತದೆ. ಅದು ಕಂಪನಿಯ ಲೆಕ್ಕದಲ್ಲಿ ಬರುತ್ತಿರಲಿಲ್ಲ, ನಮ್ಮ ಲೆಕ್ಕದಲ್ಲಿ ಬರುತ್ತಿತ್ತು.

ಚಿತ್ತಾಪುರದಲ್ಲಿ ನನ್ನ ಮೌಶಿ ಇದ್ದಳು, ನಮ್ಮ ಅವ್ವನ ತಂಗಿ. ಅವಳ ಗಂಡನ ಮನೆಯವರು ತಲೆತಲಾಂತರದಿಂದ ಅಲ್ಲಿಯ ಹನುಮಪ್ಪನ ಗುಡಿಯ ಪೂಜೆ ಮಾಡಿಕೊಂಡು ಬಂದವರು. ಗುಡಿಗೆ ಹತ್ತಿಕೊಂಡೇ ಮನೆ. ಪಡಸಾಲೆಯಲ್ಲಿ ದೊಡ್ಡ ದೊಡ್ಡ ಫರಸಿ, ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೆ ತಂಪು ಹತ್ತುತ್ತಿತ್ತು. ಅದರಲ್ಲೊಂದು ಕಲ್ಲಿನ ಮೇಲೆ ಯಾರೋ ಹಿರಿಯರು ಉಳಿಯಿಂದ ಚೌಕಾಬಾರದ ಮನೆ ಕೊರೆದಿದ್ದರು. ಶಾಲೆಯ ಸೂಟಿಗೆ ಹೋದಾಗ ಮೌಶಿ, ನಾನು, ಅಣ್ಣ ಎಂದು ನಾನು ಕರೆಯುತ್ತಿದ್ದ ಅವಳ ಮಗ ಹುಣಸೆ ಬೀಜ ಒಡೆದು, ಅವನ್ನೇ ಕವಡೆ ಮಾಡಿಕೊಂಡು, ಮಧ್ಯಾಹ್ನವೆಲ್ಲ ಅದರ ಮುಂದೆ ಕುಂತಿರುತ್ತಿದ್ದೆವು. ಮೌಶಿ ಆಟದಲ್ಲಿ ಮೋಸ ಮಾಡುತ್ತಿದ್ದಳು. ಹಿಡಿದರೆ, "ನಾ ದೊಡ್ಡಾಕಿ, ನಂದ ನಡೀತದ" ಅನ್ನುತ್ತಿದ್ದಳು.

ಆ ಸಲ ಸಂಕ್ರಾಂತಿ ಆದ ಮೇಲೆ ಚಿತ್ತಾಪುರಕ್ಕೆ ಹೋದೆ. ಹೊಸ್ತಿಲು ದಾಟಿ ಕಾಲಿಟ್ಟೊಡನೆ ಜಾರಿದೆ. ಗೋಡೆ ಹಿಡಿದು ನಿಂತೆ. ಪಡಸಾಲೆಯ ತುಂಬ ಬಿಳೀ ಟೈಲ್ಸು, ಆಸ್ಪತ್ರೆಯ ಹಾಗೆ.

"ಫರಸಿ ಎಲ್ಲಿ ಮೌಶಿ?"

"ಹೋದ್ವು. ನಿಮ್ಮೂರ ಸಾಹುಕಾರನ ಮಂದೀನೇ ಬಂದು ಕಿತಗೊಂಡು ಹೋದ್ರು. ನಿಮ್ಮ ಅಣ್ಣಾನೇ ಕರಸ್ಯಾನ. ಛಲೋ ಕಾಣತಾವಲ್ಲ? ಸಂಜೀಕ ದೀಪ ಹಚ್ಚಿದ್ರ ಎಲ್ಲಾ ಕಡೆ ದೀಪ ಕಾಣತಾವ ನೋಡು."

ಅವಳಿಗೆ ನಿಜವಾಗಿ ಖುಷಿಯಾಗಿತ್ತು. ಮೌಶಿಯನ್ನು ಬಲಿಪಶು ಮಾಡಿ ಬರೆಯಲಾರೆ. ಮನೆ ಹೊಳೆಯಬೇಕೆಂಬ ಆಸೆ ಅವಳಿಗೂ ಇತ್ತು. ಮರುಗಬೇಕಾದದ್ದು ಬೇಸಿಗೆ ಬಂದಾಗ. ಏಪ್ರಿಲಿನಲ್ಲಿ ಹೋದರೆ ಮೌಶಿ ಪಡಸಾಲೆಯಲ್ಲಿ ಇರಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕಿದ್ದ ಫರಸಿ ಮಾತ್ರ ಉಳಿದಿತ್ತು. ದಲಾಲರಿಗೆ ಅದರ ಮೇಲಿನ ಸಾಬೂನಿನ ಕಲೆ ಹಿಡಿಸಿರಲಿಲ್ಲವಂತೆ. ಅದರ ಮೇಲೆ ಚಾಪೆ ಸಹ ಹಾಸದೆ, ಬೇವಿನ ನೆರಳಲ್ಲಿ ಮೌಶಿ ಮಲಗಿದ್ದಳು. ನನ್ನನ್ನು ನೋಡಿ ಎದ್ದು ಕುಂತಳು.

"ಒಳಗ ಕಾವಲಿ ಆಗ್ಯಾದ. ಕಾಲಿಟ್ರ ಚುರುಗುಟ್ಟತದ. ಬಾ, ಇಲ್ಲೇ ಕುಂದ್ರು."

ಮಗ ಕೂಲರ್ ತಂದಿಟ್ಟಿದ್ದ. ಮೊದಲು ಬೇಕಾಗಿರದ ವಸ್ತು ಅದು. ಕರೆಂಟು ಇರುವ ತನಕ ತಿರುಗುತ್ತಿತ್ತು.

ಇತ್ತ ಶಹಾಬಾದದಲ್ಲಿ ಸಾಹುಕಾರರಿಗೆ ಬೇರೆಯದೇ ಚಿಂತೆ. ಟೈಲ್ಸ್ ಆಸೆ ಇದ್ದವರೆಲ್ಲ ಕೊಟ್ಟಾಗಿತ್ತು, ಉಳಿದವರು ಕೊಡಲು ಒಪ್ಪುತ್ತಿರಲಿಲ್ಲ. ಕಂಪನಿಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಒಂದು ಭಾನುವಾರ ಕಾರಖಾನೆಯ ಕಡೆಯಿಂದ ಮೂಗು ಸುಡುವ ವಾಸನೆ ಬಂತು. ಮಗಳ ಮದುವೆಯ ಕರೆಯೋಲೆ ತಿದ್ದಿಕೊಡಲು ಸಾಹುಕಾರರು ಹೇಗೂ ಬರಹೇಳಿದ್ದರು, ಹೋದೆ. ಹಿಂದಿನ ಅಂಗಳದಲ್ಲಿ ಆಗತಾನೆ ಖಣಿಯಿಂದ ಬಂದ ಹೊಸ ಫರಸಿಗಳನ್ನು ಸಾಲಾಗಿ ಹಾಸಿದ್ದರು. ಹೆಣ್ಣಾಳುಗಳು ಅವುಗಳ ಮೇಲೆ ತೆಳು ಆ್ಯಸಿಡ್ ಚೆಲ್ಲುತ್ತಿದ್ದರು. ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದ ಕೂಡಲೇ ಬುರುಗು ಉಕ್ಕುತ್ತಿತ್ತು. ಆಮೇಲೆ ತಂತಿ ಬ್ರಶ್ಶಿನಿಂದ ಉಜ್ಜುವುದು, ಅಂಚಿಗೆ ಸುತ್ತಿಗೆಯಿಂದ ಸಣ್ಣಗೆ ಏಟು ಕೊಟ್ಟು ಮುಕ್ಕು ಮಾಡುವುದು, ಕೊನೆಗೆ ಸಗಣಿ ನೀರು, ಕುಸುಬಿ ಎಣ್ಣೆ, ಸ್ವಲ್ಪ ಅರಿಷಿಣ. ತಯಾರಾದವನ್ನು ಗೇಟಿನ ಮುಂದಿನ ದಾರಿಗೆ ಹಾಸಿದ್ದರು. ಟ್ರ್ಯಾಕ್ಟರ್ ಅವುಗಳ ಮೇಲೇ ಹೋಗಿ ಬರುತ್ತಿತ್ತು.

"ಏನ್ರಿ ಇದು?" ಎಂದೆ.

ಸಾಹುಕಾರರಿಗೆ ನಾಚಿಕೆಯೇನೂ ಇರಲಿಲ್ಲ. "ಮಾಲ್ ಮುಗೀತ್ರಿ ಅಕ್ಕೋರ. ಅವರಿಗೆ ಸವದ ಫರಸಿ ಬೇಕು. ಐವತ್ತು ವರ್ಷ ಸವಿಯೂತನಕ ಕಾಯ್ತಾರೇನ್ರಿ ಅವರು?"

ಬ್ರಶ್ ಹಿಡಿದಿದ್ದ ಒಬ್ಬ ಹೆಣ್ಣಾಳು ಮುಖಕ್ಕೆ ಸುತ್ತಿದ್ದ ಸೆರಗಿನ ಒಳಗಿನಿಂದಲೇ ಹೇಳಿದಳು: "ಹಡದ ಕೂಸಿಗೆ ಮುದುಕಿ ವೇಷಾ ಹಾಕಾಕತ್ತೀವ್ರಿ ಬಾಯಾರ." ಉಳಿದವರು ನಕ್ಕರು, ನಕ್ಕು ಕೆಮ್ಮಿದರು. ಆ್ಯಸಿಡ್ಡಿನ ಹೊಗೆಗೆ ಅವರ ಕಣ್ಣುಗಳೆಲ್ಲ ಕೆಂಪಾಗಿದ್ದವು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು. ಕಾರಖಾನೆಯ ಮೋರಿಯಲ್ಲಿ ಮೊದಲು ಬರೀ ಬೂದುಬಣ್ಣದ ರಾಡಿ ಹರಿಯುತ್ತಿತ್ತು, ಈಗ ಅದರ ಮೇಲೆ ಹಳದಿ ನೊರೆ. ಮೋರಿಯ ಅಂಚಿಗೆ ಬೆಳೆದಿದ್ದ ಗಿಡಗಂಟಿ ಒಣಗಿದ್ದವು. ಹಸಿರು ಕಟ್ಟಡಕ್ಕಾಗಿ ಶಹಾಬಾದದಲ್ಲಿ ಒಣಗಿದ ಮೊದಲ ಗಿಡಗಳು ಅವು ಎಂದು ನಮ್ಮ ಮನೆಯವರ ಮುಂದೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿನಗ ಯಾಕ ಬೇಕಾಗಿತ್ತು ಆ ಉಸಾಬರಿ" ಎಂದರು.

ಎರಡನೆಯ ಸಲ ಮೇಡಂ ಮಾಲು ಆರಿಸಲೆಂದೇ ಬಂದರು. ಸಾಹುಕಾರರು ಮತ್ತೆ ನನ್ನನ್ನು ಕರೆಸಿದರು. ಈ ಸಲ ನಾನು ನೋಡಬೇಕೆಂದೇ ಹೋದೆ. ಅಂಗಳದಲ್ಲಿ ಎರಡು ಸಾಲು ನಿಲ್ಲಿಸಿದ್ದರು. ಒಂದರಲ್ಲಿ ಮನೆಗಳಿಂದ ಕಿತ್ತ ನಿಜವಾದ ಹಳೇ ಫರಸಿ. ಇನ್ನೊಂದರಲ್ಲಿ ಸಾಹುಕಾರರ ಕೈಚಳಕ. ಮೇಡಂ ಮೊದಲ ಸಾಲಿನ ಮುಂದೆ ನಿಂತು ಮೂಗು ಮುರಿದರು. ಇದು ಎಣ್ಣೆ ಜಿಡ್ಡು, ಇದು ತೀರ ಮುಕ್ಕಾಗಿದೆ, ಇದರ ಬಣ್ಣ ಉಳಿದವುಗಳಿಗೆ ಹೊಂದುವುದಿಲ್ಲ. ಎರಡನೆಯ ಸಾಲಿನ ಮುಂದೆ ಬಂದಾಗ ಅವರ ನಡಿಗೆ ನಿಧಾನವಾಯಿತು. ಬಗ್ಗಿ, ಒಂದು ಫರಸಿಯ ಮೇಲೆ ಅಂಗೈ ಇಟ್ಟರು. ಕ್ಯಾಮೆರಾದವನು ಓಡಿ ಬಂದ.

"ನೋಡಿ, ಇದರಲ್ಲಿ ತಲೆಮಾರುಗಳ ಹೆಜ್ಜೆ ಕಾಣುತ್ತದೆ. ಕೈಯಿಟ್ಟರೆ ಅನುಭವಕ್ಕೆ ಬರುತ್ತದೆ."

ಆ ಫರಸಿಯ ಮೇಲೆ ಹದಿನೈದು ದಿನದಿಂದ ಓಡಾಡಿದ್ದು ಸಾಹುಕಾರರ ಟ್ರ್ಯಾಕ್ಟರಿನ ಗಾಲಿ.

ನಾನು ಅನುವಾದಕ್ಕೆ ಬಂದವಳು, ಸಾಹುಕಾರರ ಪರವಾಗಿ ಬಂದವಳು, ಎಲ್ಲ ನಿಜ. ಆದರೆ ಸುಮ್ಮನಿರಲು ಆಗಲಿಲ್ಲ. ಇಂಗ್ಲಿಷಿನಲ್ಲೇ, ಮೆಲ್ಲಗೆ ಹೇಳಿದೆ: ಮೇಡಂ, ಈ ಸಾಲು ಪೂರ್ತಿ ಹೊಸದು. ಈ ತಿಂಗಳು ಖಣಿಯಿಂದ ತೆಗೆದದ್ದು. ಇಲ್ಲೇ ಹಿಂದೆ ಆ್ಯಸಿಡ್ ಹಾಕಿ ಹಳೆಯದು ಮಾಡಿದ್ದಾರೆ. ಬೇಕಾದರೆ ಬನ್ನಿ, ಮೋರಿ ತೋರಿಸುತ್ತೇನೆ.

ಸಿಟ್ಟಾಗುತ್ತಾರೆ, ಸಾಹುಕಾರರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಮೇಡಂ ಎದ್ದು ಕೈ ಒರೆಸಿಕೊಂಡರು. ಕ್ಯಾಮೆರಾದವನಿಗೆ ಸಾಕು ಎಂದು ಸನ್ನೆ ಮಾಡಿದರು. ಆಮೇಲೆ ನನ್ನ ತೋಳು ಹಿಡಿದು ಬದಿಗೆ ಕರೆದೊಯ್ದು, ಗೆಳತಿಯ ಹತ್ತಿರ ಮಾತಾಡುವಂತೆ ಹೇಳಿದರು:

"ಇದೆಲ್ಲ ಬಳಸಿದ ಕಲ್ಲು ಅಂತ ಅವರು ನಮಗೆ ಸಹಿ ಮಾಡಿ ಕೊಟ್ಟಿದ್ದಾರೆ. ನಮಗೆ ಬೇಕಾಗಿರುವುದು ಅಷ್ಟೇ. ನಿಮಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರಬೇಕು ಅಂತೇನಿಲ್ಲ, ಅಲ್ಲವಾ?"

"ಮತ್ತೆ ಭೂಮಿಯ ಗಾಯ?"

"ಜಗತ್ತು ಒಂದೇ ದಿನದಲ್ಲಿ ಬದಲಾಗುವುದಿಲ್ಲ. ನಾವು ಒಂದು ಸಂದೇಶ ಕೊಡುತ್ತಿದ್ದೇವೆ."

ಅವರ ಮುಖದಲ್ಲಿ ಅಳುಕಿನ ಎಳೆಯೂ ಇರಲಿಲ್ಲ. ಕಳ್ಳರನ್ನು ನಾನು ನೋಡಿದ್ದೇನೆ, ಸಿಕ್ಕಿಬಿದ್ದಾಗ ಅವರಿಗೂ ಒಂದು ಕ್ಷಣ ಮುಖ ಬಾಡುತ್ತದೆ. ಈಕೆಗೆ ಅದೂ ಆಗಲಿಲ್ಲ. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ನಂಬಿಕೆ ಒಳಗೆ ಅಷ್ಟು ಗಟ್ಟಿಯಾಗಿ ಕುಂತಿತ್ತು, ಖರೆ ಮಾತಿಗೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅವರು ಹೋದ ಮೇಲೆ ಸಾಹುಕಾರರು ಕೇಳಿದರು, "ಬಾಜೂಕ ಕರಕೊಂಡು ಹೋಗಿ ಏನಂದ್ರು?"

"ನಿಮ್ಮದು ಹೊಸಾ ಮಾಲು ಅಂತ ಹೇಳಿಬಿಟ್ಟೆ ನಾನು" ಎಂದೆ.

ಅವರ ಮುಖ ಕಪ್ಪಿಟ್ಟಿತು. "ಹಿಂಗ್ಯಾಕ ಮಾಡಿದ್ರಿ ಅಕ್ಕೋರ? ಏನಂದ್ರು ಮತ್ತ?"

"ಗೊತ್ತಿದ್ರೂ ನಡೀತದ ಅಂದ್ರು."

ಸಾಹುಕಾರರಿಗೆ ಸಮಾಧಾನ ಆಗಬೇಕಾಗಿತ್ತು, ಆಗಲಿಲ್ಲ. "ನಾ ಮೋಸಾ ಮಾಡಾಕತ್ತೀನಿ ಅಂತ ಹೆದರಕೊಂಡಿದ್ದೆ. ಅವರೇ ಮಾಡಸಾಕತ್ತಿದ್ರು ನೋಡ್ರಿ" ಎಂದರು. ಆ ದಿನದಿಂದ ಅವರು ಆ್ಯಸಿಡ್ ಕೆಲಸವನ್ನು ಹಿಂದಿನ ಅಂಗಳದಿಂದ ಮುಂದಿನ ಅಂಗಳಕ್ಕೆ ತಂದರು. ಮುಚ್ಚಿಡುವ ಅಗತ್ಯ ಉಳಿದಿರಲಿಲ್ಲ.

ಮುಂದಿನ ವರ್ಷ ಕಟ್ಟಡ ಮುಗಿದು ಉದ್ಘಾಟನೆಗೆ ಕರೆ ಬಂತು. ಸಾಹುಕಾರರು ಮತ್ತು ನಾನು ವಾಡಿಯಲ್ಲಿ ರೈಲು ಹತ್ತಿ ಹೋದೆವು. ಮೇಡಂ ಒತ್ತಾಯ ಮಾಡಿ ನನ್ನನ್ನು ಕರೆಸಿದ್ದರು. ಯಾಕೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ನಾನು 'ಸಮುದಾಯದ ಪ್ರತಿನಿಧಿ'ಯಾಗಿದ್ದೆ. ನನ್ನನ್ನು ಯಾವ ಸಮುದಾಯ ಆರಿಸಿತ್ತೋ ನನಗೆ ಗೊತ್ತಿಲ್ಲ. ಕೊರಳಿಗೆ ಒಂದು ಬಿಲ್ಲೆ ತೂಗುಹಾಕಿದರು.

ಕಟ್ಟಡ ಪೂರ್ತಿ ಗಾಜು. ಬಿಸಿಲಿನಲ್ಲಿ ಹೊರಗೆ ನಿಂತರೆ ಕಣ್ಣು ಕುಕ್ಕುತ್ತಿತ್ತು, ಒಳಗೆ ಹೋದರೆ ಹಲ್ಲು ಕಟಕಟ ಅನ್ನುವ ಚಳಿ. ಹೆಣ್ಣುಮಕ್ಕಳು ಶಾಲು ಹೊದ್ದುಕೊಂಡು ಕಂಪ್ಯೂಟರಿನ ಮುಂದೆ ಕುಂತಿದ್ದರು. ಹೈದರಾಬಾದಿನ ಬಿಸಿಲಿನಲ್ಲಿ ಗಾಜಿನ ಪೆಟ್ಟಿಗೆ ಕಟ್ಟಿ, ಅದನ್ನು ಹಗಲೂ ರಾತ್ರಿ ತಣ್ಣಗೆ ಮಾಡಿ, ಅದರ ನೆಲಕ್ಕೆ ನಮ್ಮ ಮನೆಗಳ ತಂಪು ಕಿತ್ತು ತಂದು ಹಾಸಿದ್ದರು. ಆ ನೆಲದ ಮೇಲೆ ಬರಿಗಾಲಲ್ಲಿ ನಿಂತವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಬೂಟು.

ಸಾಹುಕಾರರು ನೆಲ ನೋಡುತ್ತ ನಡೆದರು. "ಮುಕ್ಕಾಲು ನಮ್ಮ ಅಂಗಳದ್ದೇ" ಎಂದು ನನ್ನ ಕಿವಿಯಲ್ಲಿ ಹೇಳಿದರು. ದ್ವಾರದ ಹತ್ತಿರ ಬಂದಾಗ ಗೋಡೆಯ ಮೇಲೆ ಒಂದು ಫರಸಿಯನ್ನು ಕಟ್ಟು ಹಾಕಿಸಿ, ಮೇಲಿನಿಂದ ದೀಪ ಬಿಟ್ಟು ನಿಲ್ಲಿಸಿದ್ದು ಕಂಡಿತು. ಹತ್ತಿರ ಹೋದೆ. ಚೌಕಾಬಾರದ ಮನೆ. ನಡುವಿನ ಮನೆಯ ಅಡ್ಡಗೀಟು ಒಂದು ಕಡೆ ಸೊಟ್ಟಗಿತ್ತು. ಆ ಸೊಟ್ಟದ ಬಗ್ಗೆಯೇ ನಾನು ಮತ್ತು ಅಣ್ಣ ಎಷ್ಟು ಜಗಳಾಡಿದ್ದೆವು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ಬರೆದಿತ್ತು: ಮನೆಯನ್ನು ಕೇಡಿನಿಂದ ಕಾಯಲು ಹಿಂದಿನವರು ಕೊರೆಯುತ್ತಿದ್ದ ಪವಿತ್ರ ಮಂಡಲ.

ಅಷ್ಟರಲ್ಲಿ ಕ್ಯಾಮೆರಾದವನು ಬಂದು ನನ್ನನ್ನು ಅದೇ ಕಲ್ಲಿನ ಮುಂದೆ ನಿಲ್ಲಿಸಿದ. ಕಂಪನಿಯ ಕಿರುಚಿತ್ರಕ್ಕೆ ಎರಡು ಮಾತು ಬೇಕಾಗಿದ್ದವು. ಮೇಡಂ ಹೇಳಿದರು: "ಇಂಗ್ಲಿಷ್ ಬೇಡ. ನಿಮ್ಮ ಭಾಷೆಯಲ್ಲೇ ಮಾತಾಡಿ. ಮನಸ್ಸಿನಿಂದ ಮಾತಾಡಿ."

ನಾನು ನನ್ನ ಭಾಷೆಯಲ್ಲೇ ಮಾತಾಡಿದೆ. ಮನಸ್ಸಿನಿಂದಲೇ ಮಾತಾಡಿದೆ.

"ಈ ಫರಸಿ ಚಿತ್ತಾಪುರದಾಗ ನಮ್ಮ ಮೌಶಿ ಮನ್ಯಾಗಿತ್ತು. ಇದು ಮಂಡಲ ಅಲ್ಲ, ಚೌಕಾಬಾರದ ಮನಿ. ನಾವು ಹುಣಸಿ ಬೀಜ ಇಟ್ಟು ಆಡತಿದ್ವಿ. ಇದು ಖರೇ ಹಳೇದು, ಇದನ್ನ ಗ್ವಾಡಿಗೆ ನಿಲ್ಲಿಸೀರಿ. ನೆಲಕ್ಕ ಹಾಕಿದ್ದು ಮುಕ್ಕಾಲು ಹೊಸಾದು. ಹಳೇ ಕಲ್ಲು ಬೇಕಂತ ಹೊಸಾ ಖಣಿ ತೋಡಿಸೀರಿ. ನಮ್ಮ ಮೌಶಿ ಬ್ಯಾಸಗಿಯೊಳಗ ಹಿತ್ತಲದಾಗ ಮಲಗತಾಳ."

ಮೇಡಂ ಕಣ್ಣು ಅರ್ಧ ಮುಚ್ಚಿ ಕೇಳಿದರು. ಮುಗಿದ ಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡು, "ಎಷ್ಟು ಚೆಂದದ ಭಾಷೆ" ಎಂದರು. ಸಾಹುಕಾರರು ದೂರದಲ್ಲಿ ನಿಂತು ನೆಲ ನೋಡುತ್ತಿದ್ದರು, ಅವರಿಗೆ ನಗು ತಡೆಯಲು ಕಷ್ಟವಾಗಿತ್ತು.

ವಾಪಸು ಬರುವಾಗ ರೈಲಿನಲ್ಲಿ ಅವರು ಸುದ್ದಿ ಹೇಳಿದರು. ಉದ್ಘಾಟನೆಗೆ ಬಂದಿದ್ದ ಇನ್ನೆರಡು ಕಂಪನಿಯವರು ಅವರ ನಂಬರ್ ತೆಗೆದುಕೊಂಡಿದ್ದರಂತೆ, ಅವರಿಗೂ ಕಥೆ ಇರುವ ಕಲ್ಲೇ ಬೇಕಂತೆ. "ಈ ವರ್ಷ ಇನ್ನೊಂದು ಖಣಿ ಗುತ್ತಿಗಿ ಹಿಡೀಬೇಕು ಅಕ್ಕೋರ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಬಿಸಾಕಿದ ಒಡಕು ಕಲ್ಲಿನ ಗುಡ್ಡಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವುಗಳಿಗೆ ಇನ್ನೂ ಕಥೆ ಇರಲಿಲ್ಲ.

ಕೆಲವು ತಿಂಗಳ ಮೇಲೆ ಕಿರುಚಿತ್ರದ ಸಿ.ಡಿ. ಅಂಚೆಯಲ್ಲಿ ಬಂತು. ಮೌಶಿ ಆಗ ಕಣ್ಣು ತೋರಿಸಲು ನಮ್ಮಲ್ಲಿಗೆ ಬಂದಿದ್ದಳು. ನಮ್ಮ ಮನೆಯವರೂ ಸೇರಿ ಮೂವರು ಕುಂತು ನೋಡಿದೆವು. ಹೊಳೆ, ಹಕ್ಕಿ, ಸೂರ್ಯೋದಯ, ಕೊಳಲು ಎಲ್ಲ ಆದ ಮೇಲೆ ನಾನು ಬಂದೆ. ನನ್ನ ದನಿಯನ್ನು ಕೊಳಲಿನ ಕೆಳಗೆ ಸಣ್ಣ ಮಾಡಿದ್ದರು. ನನ್ನ ತುಟಿ ಅಲ್ಲಾಡುತ್ತಿತ್ತು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು: ನಮ್ಮ ಅಜ್ಜಿಯಂದಿರ ಹೆಜ್ಜೆಗಳಿಗೆ ಇಲ್ಲಿ ಹೊಸ ಮನೆ ಸಿಕ್ಕಿದೆ. ಇದಕ್ಕಾಗಿ ನಾವು ಋಣಿಗಳು.

ಇಪ್ಪತ್ತು ವರ್ಷ ನಾನು ಮಕ್ಕಳ ಅನುವಾದ ತಿದ್ದಿದ್ದೆ. ಇಂಥದ್ದನ್ನು ಬರೆದವನಿಗೆ ಸೊನ್ನೆ ಹಾಕಿ, ತಂದೆಯನ್ನು ಕರೆದುಕೊಂಡು ಬಾ ಅನ್ನುತ್ತಿದ್ದೆ. ಮೌಶಿಗೆ ಅಕ್ಷರ ಕಾಣುತ್ತಿರಲಿಲ್ಲ. ಅವಳು ಟಿವಿಯ ಹತ್ತಿರ ಹೋಗಿ, ನನ್ನ ಹಿಂದಿನ ಕಲ್ಲನ್ನು ನೋಡದೆ ನನ್ನನ್ನೇ ನೋಡಿ, "ಈ ಸೀರಿ ನಿನಗ ಒಪ್ಪಂಗಿಲ್ಲ, ಇನ್ನ ಉಡಬ್ಯಾಡ" ಎಂದಳು. ನಮ್ಮ ಮನೆಯವರು ಜೋರಾಗಿ ನಕ್ಕರು. ನಾನು ಆ ಸಿಟ್ಟಿನಲ್ಲೂ ನಕ್ಕೆ.

ಹಾಗೆಂದು ಸಿಟ್ಟು ಹೋಗಲಿಲ್ಲ. ಕಂಪನಿಗೆ ಒಂದು ಪತ್ರ ಬರೆದೆ, ಉತ್ತರ ಬಂತು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಎಂದಿತ್ತು, ಅಭಿಪ್ರಾಯ ಏನೆಂದು ಯಾರೂ ಓದಿರಲಿಲ್ಲ. ಸಾಹುಕಾರರ ಹತ್ತಿರ ಹೋಗಿ ಹೆಣ್ಣಾಳುಗಳ ಕಣ್ಣಿನ ಸಲುವಾಗಿ ಜಗಳಾಡಿದೆ. ಅವರು ಕನ್ನಡಕ, ರಬ್ಬರಿನ ಕೈಗವಸು ತರಿಸಿದರು, ಮೋರಿಯ ಬಾಯಿಗೆ ಆ್ಯಸಿಡ್ ಮುರಿಯುವ ಸುಣ್ಣದ ಗುಂಡಿ ತೋಡಿಸಿದರು. ಪೂರ್ತಿ ಅಲ್ಲದಿದ್ದರೂ ಅಷ್ಟಾದರೂ ಆಯಿತು. ಆ ಇಡೀ ವ್ಯವಹಾರದಲ್ಲಿ ಭೂಮಿಗೆ ಒಂದಿಷ್ಟಾದರೂ ಒಳ್ಳೆಯದು ಮಾಡಿದವರು ಸಾಹುಕಾರರು, ಅದೂ ನನ್ನ ಬೈಗುಳ ತಡೆಯಲಾರದೆ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದಾಗ ಫೋನ್ ಬಂತು. ಮೇಡಂ. ಈಗ ಬೇರೊಂದು ಕಂಪನಿಯಲ್ಲಿ ಇದ್ದಾರಂತೆ, ಮೊದಲಿನದಕ್ಕಿಂತ ದೊಡ್ಡದಂತೆ. ಅಲ್ಲಿ ನೀರಿನ ಕೆಲಸ. ನಮ್ಮ ಕಂಪನಿ ಖರ್ಚು ಮಾಡಿದಷ್ಟು ನೀರನ್ನು ನಿಸರ್ಗಕ್ಕೆ ಮರಳಿಸುತ್ತೇವೆ ಎಂದು ಮಾತು ಕೊಟ್ಟಿದ್ದಾರಂತೆ.

"ನಿಮ್ಮ ಕಡೆ ಹಳೆಯ ಬಾವಿಗಳು ಇರಬೇಕಲ್ಲ? ಮೆಟ್ಟಿಲಿರುವಂಥವು? ಅವುಗಳನ್ನು ದತ್ತು ತೆಗೆದುಕೊಳ್ಳುವ ಯೋಚನೆ ಇದೆ. ನಿಮ್ಮಂಥವರು ಜೊತೆಗಿದ್ದರೆ ಬಹಳ ಅನುಕೂಲ."

ಇದ್ದವು. ಸೇಡಂ ಕಡೆಗೆ ಎರಡು ನನಗೇ ಗೊತ್ತಿದ್ದವು, ಚಿಂಚೋಳಿಯ ದಾರಿಯಲ್ಲಿ ಒಂದು. ಒಂದರಲ್ಲಿ ಈಗಲೂ ಜನ ನೀರು ಸೇದುತ್ತಾರೆ.

"ಇಲ್ಲ ಮೇಡಂ, ನಮ್ಮ ಕಡೆ ಬಾವಿಗಳೇ ಇಲ್ಲ" ಎಂದೆ.

"ಒಂದೂ ಇಲ್ಲವಾ?"

"ಒಂದೂ ಇಲ್ಲ. ಮೊದಲಿನಿಂದಲೂ ಇರಲಿಲ್ಲ."

ಅವರು ಧನ್ಯವಾದ ಹೇಳಿದರು. ನಂಬಿದರೋ ಇಲ್ಲವೋ ತಿಳಿಯದು. ನಿಮಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರಬೇಕು ಅಂತೇನಿಲ್ಲ ಎಂದು ಹೇಳಿದವರು ಅವರೇ ಅಲ್ಲವೇ. ಫೋನ್ ಇಟ್ಟು, ಛತ್ರಿ ತೆಗೆದುಕೊಂಡು, ಬಾಗಿಲಿಗೆ ಕೀಲಿ ಹಾಕಿ ಶಾಲೆಗೆ ನಡೆದೆ. ಅವತ್ತು ಹತ್ತನೆಯ ಇಯತ್ತೆಗೆ ಪತ್ರಲೇಖನ ಕಲಿಸಬೇಕಾಗಿತ್ತು.